ಬಡ್ಡಿಯಿಲ್ಲದ ಠೇವಣಿ

ಮಂಗಳೂರಿನಲ್ಲಿ ಹೊಸ ಕಟ್ಟಡದ ಗುಣ ತಿಳಿಯಬೇಕಾದರೆ ಒಂದು ಮಳೆಗಾಲ ದಾಟಬೇಕು. ತಾರಸಿ ಸೋರುತ್ತದೆಯೇ, ಗೋಡೆಗೆ ಪಸೆ ಏರುತ್ತದೆಯೇ ಎಂಬುದು ಆಟಿ ತಿಂಗಳು ಕಳೆಯುವುದರೊಳಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಕೆಲಸ ಮುಗಿದ ಕೂಡಲೇ ಪೂರ್ತಿ ಹಣ ಕೊಡದೆ ಒಂದಿಷ್ಟು ಹಿಡಿದಿಟ್ಟುಕೊಳ್ಳುವುದರಲ್ಲಿ ನ್ಯಾಯವಿದೆ. ಕಟ್ಟಡದವರ ಬಾಯಲ್ಲಿ ಇದು ‘ರಿಟೆನ್ಷನ್’. ಪ್ರತಿ ಬಿಲ್ಲಿನಿಂದ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಮುರಿದುಕೊಂಡು, ದೋಷ ಸರಿಪಡಿಸುವ ಹೊಣೆಯ ಅವಧಿ ಮುಗಿದ ಮೇಲೆ ಹಿಂದಿರುಗಿಸುವ ಹಣ.

ಹಿಂದಿರುಗಿಸಬೇಕಾದ ಹಣ ಎನ್ನುವುದೇ ಸರಿ.

ಗಾರೆ ಕೆಲಸದ ಸಬ್ ಕಂಟ್ರಾಕ್ಟರನೊಬ್ಬ 20 ಲಕ್ಷ ರೂಪಾಯಿಯ ಕೆಲಸ ಹಿಡಿದನೆನ್ನೋಣ. ಶೇ. 5 ಎಂದರೆ 1 ಲಕ್ಷ. ಅವನ ಲಾಭ ಶೇ. 10 ಇದ್ದರೆ ಅದರಲ್ಲಿ ಅರ್ಧ ಇನ್ನೊಬ್ಬರ ಕೈಯಲ್ಲಿ ಉಳಿಯಿತು. ಆಳುಗಳ ಸಂಬಳವನ್ನು ಅವನು ಶನಿವಾರಕ್ಕೆ ಶನಿವಾರ ಕೊಟ್ಟಾಗಿದೆ. ಅದರಲ್ಲಿ ರಿಟೆನ್ಷನ್ ಹಿಡಿಯುವಂತಿಲ್ಲ.

ಮುಖ್ಯ ಗುತ್ತಿಗೆದಾರರ ಮಾತನ್ನೂ ಕೇಳಬೇಕು. ಹಣ ಪೂರ್ತಿ ಸಂದಾಯವಾದ ಮೇಲೆ ಸೋರುವ ಬಾತ್‌ರೂಮಿಗೆ ಜನ ಕಳಿಸಿ ಎಂದರೆ ಫೋನು ಎತ್ತುವವರಿಲ್ಲ, ಕೆಲಸದ ತಂಡ ಆಗಲೇ ಒಡಿಶಾಕ್ಕೋ ಬಂಗಾಳಕ್ಕೋ ರೈಲು ಹತ್ತಿರುತ್ತದೆ ಎನ್ನುತ್ತಾರೆ. ಇದು ಸುಳ್ಳಲ್ಲ. ಆದರೆ ಜಾಮೀನಾಗಿ ಇಟ್ಟುಕೊಂಡ ವಸ್ತುವನ್ನು ಬಳಸಿಕೊಳ್ಳಲು ಇಟ್ಟುಕೊಂಡವನಿಗೆ ಹಕ್ಕೇನು? ಅಡವಿಟ್ಟ ಬಳೆಯನ್ನು ಸಾಹುಕಾರನ ಮನೆಯವರು ಮದುವೆಗೆ ತೊಟ್ಟು ಹೋದರೆ ಊರು ಸುಮ್ಮನಿರುವುದಿಲ್ಲ. ರಿಟೆನ್ಷನ್ ಹಣ ಮುಂದಿನ ಸೈಟಿನ ಸಿಮೆಂಟಾದರೆ ಅದು ಮಾತ್ರ ವ್ಯವಹಾರ ಎನಿಸಿಕೊಳ್ಳುತ್ತದೆ.

ಈ ಕರಾವಳಿಗೆ ಠೇವಣಿಯ ಅರ್ಥವನ್ನು ಯಾರೂ ಹೇಳಿಕೊಡಬೇಕಿಲ್ಲ. 1906ರಲ್ಲಿ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಮಂಗಳೂರಿನಲ್ಲೇ ಹುಟ್ಟಿದವು. ಪಕ್ಕದ ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಮನೆಮನೆಗೆ ಹೋಗಿ ಪಿಗ್ಮಿ ಸಂಗ್ರಹಿಸತೊಡಗಿತು. ದಿನಕ್ಕೆ ಎರಡಾಣೆ ಕಟ್ಟಿದವರಿಗೂ ಪಾಸ್‌ಬುಕ್ಕಿತ್ತು, ಲೆಕ್ಕವಿತ್ತು. ಲಕ್ಷ ರೂಪಾಯಿ ಬಿಟ್ಟುಕೊಟ್ಟ ಸಬ್ ಕಂಟ್ರಾಕ್ಟರನಿಗೆ ಬಡ್ಡಿಯೂ ಇಲ್ಲ, ಎಷ್ಟೋ ಸಲ ತಾರೀಖೂ ಇಲ್ಲ.

ತಾರೀಖಿನ ಈ ಗೊಂದಲವೇ ದೊಡ್ಡ ಅನ್ಯಾಯ. ಪೈಲಿಂಗ್ ಮಾಡಿದವನು ಮೊದಲ ತಿಂಗಳುಗಳಲ್ಲೇ ಯಂತ್ರ ಸಾಗಿಸಿರುತ್ತಾನೆ. ಅವನ ಹಣ ಬಿಡುಗಡೆಯಾಗುವುದು ಮಾತ್ರ ಇಡೀ ಕಟ್ಟಡ ಮುಗಿದು, ಮಾಲೀಕನಿಂದ ಮುಖ್ಯ ಗುತ್ತಿಗೆದಾರನಿಗೆ ದುಡ್ಡು ಬಂದಾಗ. ಲಿಫ್ಟ್ ಬರುವುದು ತಡವಾದರೆ ಅದರ ದಂಡ ತೆರುವವನು ನೆಲದಡಿ ಕೆಲಸ ಮಾಡಿದವನು.

2006ರ ಎಂಎಸ್‌ಎಂಇ ಕಾಯಿದೆ ಸಣ್ಣ ಉದ್ದಿಮೆಗಳ ಬಾಕಿ ತೀರಿಸಲು ಗರಿಷ್ಠ 45 ದಿನ ಕೊಡುತ್ತದೆ, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಟ್ಟಡ ಗುತ್ತಿಗೆಗೆ ಇದು ಅನ್ವಯಿಸುತ್ತದೆಯೇ ಎಂಬ ವಾದ ಹೈಕೋರ್ಟುಗಳವರೆಗೆ ಹೋಗಿದೆ. ನ್ಯೂಜಿಲೆಂಡಿನಲ್ಲಿ 2013ರಲ್ಲಿ ಮೈನ್‌ಝೀಲ್ ಎಂಬ ದೊಡ್ಡ ಕಂಪನಿ ಮುಳುಗಿದಾಗ ಸಬ್ ಕಂಟ್ರಾಕ್ಟರುಗಳ ರಿಟೆನ್ಷನ್ನೂ ಮುಳುಗಿತು. 2017ರಿಂದ ಅಲ್ಲಿ ಆ ಹಣ ಟ್ರಸ್ಟ್ ಆಸ್ತಿ. ಹಾಗೆಂದರೂ ಕಂಪನಿಗಳು ಅದನ್ನು ತಮ್ಮ ದುಡ್ಡಿನೊಡನೆ ಬೆರೆಸುತ್ತಿದ್ದುದರಿಂದ 2023ರಲ್ಲಿ ಪ್ರತ್ಯೇಕ ಬ್ಯಾಂಕ್ ಖಾತೆ ಕಡ್ಡಾಯವಾಯಿತು.

ಇಲ್ಲಿ ಅಂಥ ಕಾನೂನು ಬರುವವರೆಗೆ, ವರ್ಕ್ ಆರ್ಡರಿಗೆ ಸಹಿ ಹಾಕುವ ಮೊದಲು ಸಬ್ ಕಂಟ್ರಾಕ್ಟರು ಒಂದು ಸಾಲು ಬರೆಸಿಕೊಳ್ಳಲಿ: ರಿಟೆನ್ಷನ್ ಅವಧಿ ತನ್ನ ಕೆಲಸ ಮುಗಿದ ದಿನದಿಂದ ಶುರು.