ಹೆಜ್ಜೆಗುರುತಿನ ಪ್ರಾಮಾಣ್ಯ

ಒಬ್ಬನು ನಡೆದುಹೋದ ದಾರಿಯು ಇನ್ನೊಬ್ಬನಿಗೆ ಪ್ರಮಾಣವಾಗಬಹುದೇ? ಆಗುವುದಾದರೆ, ಮುಂದೆ ನಡೆದವನಿಗೆ ಹಿಂದೆ ಬರುವವನ ವಿಷಯದಲ್ಲಿ ಏನಾದರೂ ಋಣವುಂಟೇ? ಸದಾಚಾರದ ಪ್ರಸಂಗದಲ್ಲಿ ಈ ಪ್ರಶ್ನೆಯನ್ನು ಚರ್ಚಿಸುವ ವಾಡಿಕೆಯಿದೆ. ಆದರೆ ಅಲ್ಲಿ ದಾರಿಯೆಂಬುದೂ ಹೆಜ್ಜೆಯೆಂಬುದೂ ರೂಪಕಗಳು. ತಪ್ಪಿದರೆ ಬರುವ ಕೇಡು ಒಡನೆ ಕಣ್ಣಿಗೆ ಬೀಳದು. ಹೆಜ್ಜೆಯು ನಿಜವಾದ ಹೆಜ್ಜೆಯೇ ಆಗಿದ್ದು, ತಪ್ಪಿದವನು ನೀರಿಗೆ ಬೀಳುವಂತಹ ಸ್ಥಳವೊಂದನ್ನು ಉದಾಹರಣೆಯಾಗಿ ತೆಗೆದುಕೊಂಡರೆ ವಿಚಾರವು ಹೆಚ್ಚು ಸ್ಪಷ್ಟವಾದೀತು. ಉತ್ತರ ಅಮೆರಿಕದ ಈರಿ ಸರೋವರವು ಅಂತಹ ಸ್ಥಳ.

ನೀರು ಹೆಪ್ಪುಗಟ್ಟಿ ನೆಲದಂತಾಗುವುದನ್ನು ಕನ್ನಡನಾಡಿನ ವಾಚಕರಲ್ಲಿ ಬಹುಮಂದಿ ಕಂಡಿರಲಾರರು. ಈರಿಯ ಪಶ್ಚಿಮಭಾಗದ ಸರಾಸರಿ ಆಳ ಸುಮಾರು 24 ಅಡಿ ಮಾತ್ರ. ಆದಕಾರಣ ಚಳಿ ಬಲವಾದ ವರ್ಷಗಳಲ್ಲಿ ಅದು ಬೇಗನೆ ಹೆಪ್ಪುಗಟ್ಟುವುದು. ನೀರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಭಾರವಾಗಿದ್ದು, ಅದಕ್ಕಿಂತ ತಣ್ಣಗಾದದ್ದು ಮೇಲೆಯೇ ನಿಲ್ಲುವುದರಿಂದ, ಗಡ್ಡೆಯು ಮೇಲ್ಗಡೆಯಿಂದ ಕಟ್ಟುತ್ತ ಬರುತ್ತದೆ. ಕೆಳಗೆ ಮೀನುಗಳು ಬದುಕಿಯೇ ಇರುತ್ತವೆ. ಅಲ್ಲಿಯ ಸೌತ್ ಬಾಸ್ ದ್ವೀಪದಲ್ಲಿ ಪುಟ್-ಇನ್-ಬೇ ಎಂಬ ಬಂದರು ಇದೆ. ಬೇಸಗೆಯಲ್ಲಿ ದೋಣಿಗಳು ತಂಗುವ ಆ ನೀರಿನ ಮೇಲೂ ಅದರ ಸುತ್ತುಮುತ್ತಲೂ ಚಳಿಗಾಲದಲ್ಲಿ ಚಿಕ್ಕ ಚಿಕ್ಕ ಗುಡಿಸಲುಗಳು ಏಳುತ್ತವೆ. ಒಂದೊಂದರಲ್ಲಿ ಇಬ್ಬರು ಮೂವರು ಕುಳಿತು, ಸಣ್ಣ ಒಲೆಯೊಂದನ್ನು ಹೊತ್ತಿಸಿಕೊಂಡು, ಗಡ್ಡೆಯಲ್ಲಿ ಬೈರಿಗೆಯಿಂದ ತೂತು ಕೊರೆದು, ಗಾಳವನ್ನು ಇಳಿಬಿಟ್ಟು, ವಾಲೈ, ಪರ್ಚ್ ಎಂಬ ಮೀನುಗಳನ್ನು ಹಿಡಿಯುತ್ತಾರೆ.

ಗಡ್ಡೆಯು ತನ್ನ ಭಾರವನ್ನು ತಾಳುವುದೆಂದು ಮನುಷ್ಯನು ತಿಳಿಯುವುದು ಹೇಗೆ? ಹಾರೆಯಿಂದ ಕುಟ್ಟುತ್ತ ಹೆಜ್ಜೆಯಿಡುವವನಿಗೆ ಪ್ರತ್ಯಕ್ಷವೇ ಪ್ರಮಾಣ. ತಿಳಿಯಾದ ಗಡ್ಡೆ 4 ಅಂಗುಲ ದಪ್ಪವಿದ್ದರೆ ನಡೆಯುವ ಮನುಷ್ಯನನ್ನು ಹೊರುವುದೆಂದೂ, ಹಿಮ ಬೆರೆತು ಬೆಳ್ಳಗಾದುದಕ್ಕೆ ಅದರ ಅರ್ಧದಷ್ಟೇ ಬಲವೆಂದೂ ಅನುಭವಿಗಳು ಲೆಕ್ಕ ಹಾಕುವರು, ಇದು ಅನುಮಾನ. ಆ ನೀರನ್ನು ಬಲ್ಲವನನ್ನು ಕೇಳಿ ಹೋಗುವುದು ಶಬ್ದಪ್ರಮಾಣ. ಆದರೆ ಅನೇಕರು ಈ ಮೂರರಲ್ಲಿ ಯಾವುದನ್ನೂ ಆಶ್ರಯಿಸುವುದಿಲ್ಲ. ದಡದಲ್ಲಿ ನಿಂತು ನೋಡುತ್ತಾರೆ. ಹಿಮದ ಮೇಲೆ ಹೆಜ್ಜೆಗಳಿವೆ, ದೂರದಲ್ಲಿ ಗುಡಿಸಲುಗಳಿವೆ. ಅಷ್ಟರಿಂದಲೇ ತೃಪ್ತರಾಗಿ ಹೊರಟುಬಿಡುತ್ತಾರೆ.

2009ನೆಯ ಇಸವಿ ಫೆಬ್ರುವರಿ 7ನೆಯ ತಾರೀಖು ಶನಿವಾರ, ಒಹಾಯೊ ಸಂಸ್ಥಾನದ ದಡದಿಂದ ಬಹುಮಂದಿ ಹೀಗೆ ಈರಿಯ ಮೇಲೆ ಹೋದರು. ಗಡ್ಡೆಯಲ್ಲಿ ಒಂದು ಬಿರುಕು ಬಿಟ್ಟಿತ್ತು. ಕೆಲವರು ಸರಕು ಪೇರಿಸುವ ಮರದ ಚೌಕಟ್ಟುಗಳನ್ನು ತಂದು ಬಿರುಕಿಗೆ ಅಡ್ಡವಾಗಿ ಹಾಸಿ ದಾಟಿದರು. ಹಿಂದೆ ಬಂದವರೂ ಅದೇ ಸೇತುವೆಯಿಂದ ದಾಟಿದರು. ಅನಂತರ ಗಾಳಿ ಬಲಗೊಂಡಿತು. ಬಿರುಕು ಅಗಲವಾಗಿ, ಮೈಲಿಗಳಷ್ಟು ಹರವಿನ ಗಡ್ಡೆಯು ದಡದಿಂದ ಕಳಚಿಕೊಂಡು ತೇಲತೊಡಗಿತು. ಹೆಲಿಕಾಪ್ಟರುಗಳೂ ದೋಣಿಗಳೂ ಬಂದು 130ಕ್ಕೂ ಹೆಚ್ಚು ಮಂದಿಯನ್ನು ದಡ ಸೇರಿಸಿದವು. ನೀರಿಗೆ ಬಿದ್ದ ಒಬ್ಬನು ಮಾತ್ರ ಬದುಕಲಿಲ್ಲ.

ಇಲ್ಲಿ ಪ್ರಮಾಣವು ಎಲ್ಲಿ ಕೆಟ್ಟಿತು? ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನು ಆಪ್ತನ ಲಕ್ಷಣವನ್ನು ಹೇಳುವಾಗ ಎರಡು ಅಂಶಗಳನ್ನು ಬೇಡುತ್ತಾನೆ: ವಿಷಯವನ್ನು ಸಾಕ್ಷಾತ್ತಾಗಿ ಅರಿತಿರಬೇಕು, ಅರಿತುದನ್ನು ಅರಿತಂತೆಯೇ ಇತರರಿಗೆ ತಿಳಿಸುವ ಇಚ್ಛೆಯಿರಬೇಕು. ಈ ಲಕ್ಷಣವು ಋಷಿ, ಆರ್ಯ, ಮ್ಲೇಚ್ಛ ಎಲ್ಲರಿಗೂ ಸಮಾನವೆಂದೂ ಅವನು ಸೇರಿಸುತ್ತಾನೆ. ಆದುದರಿಂದ ಈರಿಯ ಬೆಸ್ತನೂ ಗಡ್ಡೆಯ ವಿಷಯದಲ್ಲಿ ಆಪ್ತನಾಗಬಲ್ಲನು. ಆದರೆ ಅವನ ಹೆಜ್ಜೆಗುರುತು ಆಪ್ತವಾಗಲಾರದು. ಅದಕ್ಕೆ ಅರಿವೂ ಇಲ್ಲ, ತಿಳಿಸುವ ಇಚ್ಛೆಯೂ ಇಲ್ಲ. ಅದು ಬರಿಯ ಲಿಂಗ. ಹೊಗೆಯನ್ನು ಕಂಡವನು ಆ ಹೊತ್ತಿನ ಬೆಂಕಿಯನ್ನು ಊಹಿಸುತ್ತಾನೆ. ಹೆಜ್ಜೆಯನ್ನು ಕಂಡವನಿಗೆ ಸಿಕ್ಕುವುದು ಆಗ ಇದ್ದ ಗಡ್ಡೆ, ಈಗ ಇರುವುದಲ್ಲ. ಲಿಂಗವನ್ನು ಆಪ್ತವಾಕ್ಯವೆಂದು ಬಗೆದದ್ದೇ ಹಿಂಬಾಲಿಸಿದವರ ತಪ್ಪು.

ಹೆಜ್ಜೆಗಳು ನೂರಾದರೆ ಪ್ರಾಮಾಣ್ಯವು ಹೆಚ್ಚಬೇಡವೇ ಎಂದರೆ, ಮೊದಲನೆಯವನನ್ನು ನೋಡಿ ಎರಡನೆಯವನೂ, ಎರಡನೆಯವನನ್ನು ನೋಡಿ ಮೂರನೆಯವನೂ ಹೋಗಿದ್ದಲ್ಲಿ, ಗಾಳಿಯ ದಿಕ್ಕನ್ನು ಯಾರೂ ವಿಚಾರಿಸದೆ ಇದ್ದಲ್ಲಿ, ಗಾಳಿಯ ವಿಷಯದಲ್ಲಿ ನೂರು ಹೆಜ್ಜೆಗಳೂ ಸೊನ್ನೆಯೇ. ಅಂಧಪರಂಪರಾನ್ಯಾಯವೆಂದು ಹಿರಿಯರು ಕರೆದದ್ದು ಇದನ್ನೇ.

ಹಾಗಾದರೆ ಸೇತುವೆ ಹಾಸಿದವರು ದೋಷಿಗಳೇ? ಹಾಗೆನ್ನುವುದು ಕಠೋರವಾದೀತು. ಅವರು ಯಾರಿಗೂ ಕೇಡು ಬಗೆಯಲಿಲ್ಲ. ಹಿಂದೆ ಬಂದವರಿಗೆ ಅದು ಉಪಕಾರದಂತೆಯೇ ತೋರಿತು. ಆದರೆ ಆ ಸೇತುವೆ ‘ಈ ಬಿರುಕನ್ನು ಈಗ ದಾಟಬಹುದು’ ಎಂಬಷ್ಟನ್ನೇ ಸಾರಿತು. ಬಿರುಕು ಏಕೆ ಬಂತು, ಗಾಳಿ ಬೀಸಿದರೆ ಏನಾಗುವುದು ಎಂಬುದರಲ್ಲಿ ಮೌನವಾಗಿತ್ತು. ಹಿಂದೆ ಬಂದವರು ಮೌನವನ್ನು ಅಭಯವೆಂದುಕೊಂಡರು. ಇಲ್ಲಿ ದೋಷಕ್ಕೂ ಋಣಕ್ಕೂ ಇರುವ ಭೇದವನ್ನು ಗಮನಿಸಬೇಕು. ದೋಷವು ದುರುದ್ದೇಶದಿಂದಲೋ ಅಲಕ್ಷ್ಯದಿಂದಲೋ ಬರುವುದು. ಋಣಕ್ಕೆ ಅಪರಾಧವು ಬೇಕಿಲ್ಲ. ಮನುಷ್ಯನು ಹುಟ್ಟುವಾಗಲೇ ಋಷಿಗಳಿಗೂ ದೇವತೆಗಳಿಗೂ ಪಿತೃಗಳಿಗೂ ಋಣಿಯೆಂದು ವೇದವು ಹೇಳುವುದಷ್ಟೆ. ಮುಂದೆ ನಡೆದವನದು ಇಂತಹ ಋಣ.

‘ನನ್ನ ಪ್ರಾಣ ನನ್ನದು, ನಾನು ಯಾರನ್ನೂ ಕರೆಯಲಿಲ್ಲ’ ಎಂದು ಅವನು ಹೇಳಬಹುದು. ಆದರೆ ಅವನೂ ದಡದಿಂದ ಇನ್ನಾರದೋ ಹೆಜ್ಜೆಯನ್ನು ಹಿಡಿದೇ ಬಂದವನಲ್ಲವೇ? ಪಡೆಯುವಾಗ ಇಲ್ಲದ ಸಂಕೋಚವು ಕೊಡುವಾಗ ಬರುವುದು ನ್ಯಾಯವಲ್ಲ. ಅಲ್ಲದೆ, ಅವನನ್ನೂ ಅವನ ಹಿಂದಿನವರನ್ನೂ ಹುಡುಕಿಕೊಂಡು ಬರುವವರ ಪ್ರಾಣವಾದರೂ ಅವನದಲ್ಲ.

ಖಚಿತವಾಗಿ ತಿಳಿಯುವ ತನಕ ಯಾರೂ ಹೆಜ್ಜೆಯಿಡಬಾರದೆಂದರೆ ಲೋಕಯಾತ್ರೆಯೇ ನಿಂತುಹೋಗುವುದೆಂಬ ಆಕ್ಷೇಪಕ್ಕೆ ಆ ದ್ವೀಪದವರ ಪದ್ಧತಿಯೇ ಸಮಾಧಾನ. ಗಡ್ಡೆ ಗಟ್ಟಿಯಾದ ವರ್ಷಗಳಲ್ಲಿ ಅವರು ದ್ವೀಪದಿಂದ ಕಟಾಬಾ ಎಂಬ ಎದುರು ದಡಕ್ಕೆ ಗಡ್ಡೆಯ ಮೇಲೆಯೇ ಹೋಗಿಬರುವುದುಂಟು. ಕ್ರಿಸ್‌ಮಸ್ ಹಬ್ಬದಲ್ಲಿ ಮನೆಯೊಳಗೆ ಸಿಂಗರಿಸಿ, ಹಬ್ಬ ಮುಗಿದ ಮೇಲೆ ಹೊರಹಾಕಿದ ಹಸುರು ಮರಗಳನ್ನು ಆ ದಾರಿಯುದ್ದಕ್ಕೂ ನೆಟ್ಟು ಗುರುತು ಮಾಡುವರು. ಹೆಜ್ಜೆಗೂ ಈ ಮರಕ್ಕೂ ಇರುವ ಅಂತರವನ್ನು ನೋಡಬೇಕು. ಹೆಜ್ಜೆಯು ತಾನಾಗಿ ಬೀಳುವುದು. ಮರವನ್ನು ಹಿಂದೆ ಬರುವವನನ್ನು ನೆನೆದು ಒಬ್ಬನು ನೆಡಬೇಕು. ವಾತ್ಸ್ಯಾಯನನು ಬೇಡಿದ ತಿಳಿಸುವ ಇಚ್ಛೆಯು ಅಲ್ಲಿದೆ. ಮರವೂ ಗಾಳಿಯನ್ನು ತಡೆಯಲಾರದು. ನೋಡಿ ನಡೆಯುವ ಹೊಣೆ ಹಿಂಬಾಲಿಸುವವನಿಗೂ ತಪ್ಪುವುದಿಲ್ಲ. ಆದರೆ ನೆಟ್ಟವನು ತನ್ನ ಪಾಲಿನ ಋಣವನ್ನು ತೀರಿಸಿದ್ದಾನೆ.

ಶ್ರೇಷ್ಠನು ಆಚರಿಸಿದುದನ್ನು ಇತರರು ಅನುಸರಿಸುವರೆಂದು ಗೀತೆಯು ಎಚ್ಚರಿಸುತ್ತದೆ. ಆದರೆ ಅನುಸರಿಸಲ್ಪಡುವುದಕ್ಕೆ ಶ್ರೇಷ್ಠನಾಗಿರಬೇಕೆಂಬ ನಿಯಮವಿಲ್ಲ. ಮುಂದೆ ಇದ್ದರೆ ಸಾಕು. ಮನೆಯ ಯಜಮಾನನು ಮಗಳ ಮದುವೆಯನ್ನು ಶಕ್ತಿಮೀರಿ ಸಾಲಮಾಡಿ ನಡೆಸುತ್ತಾನೆ. ತಂದೆಯೂ ಹಾಗೆಯೇ ನಡೆಸಿದ್ದನು. ಬಡ್ಡಿ ಕಟ್ಟುವ ರಾತ್ರಿಗಳಲ್ಲಿ ಇದು ತಪ್ಪೆಂದು ಅವನಿಗೆ ಅನ್ನಿಸದೆ ಇರಲಿಲ್ಲ. ಆದರೆ ಆ ಮಾತನ್ನು ಅವನು ಮಗನ ಮುಂದೆ ಎಂದೂ ಆಡುವುದಿಲ್ಲ. ಮಗನಿಗೆ ಕಾಣುವುದು ಚಪ್ಪರ, ವಾದ್ಯ, ನಾಲ್ಕು ದಿನದ ಸಂಭ್ರಮ. ತಂದೆಯ ಸಂಶಯವು ಕಾಣದು. ತನ್ನ ಸರದಿ ಬಂದಾಗ ಅವನೂ ಅದೇ ಹೆಜ್ಜೆಯಲ್ಲಿ ನಡೆಯುತ್ತಾನೆ. ತಂದೆಯು ಒಂದು ಸಂಜೆ ಮಗನನ್ನು ಹತ್ತಿರ ಕೂರಿಸಿಕೊಂಡು, ‘ಇಲ್ಲಿ ನಾನು ಬಿರುಕನ್ನು ಕಂಡೆ, ಕಂಡೂ ದಾಟಿದೆ’ ಎಂದು ಹೇಳಿಬಿಟ್ಟರೆ ಸಾಲವು ತೀರದು. ಆದರೆ ಮಗನಿಗೆ ಸಲ್ಲಬೇಕಾದ ಋಣವು ತೀರುತ್ತದೆ.