ನೇಯ್ದವರ ಹೆಸರು

ಕೊಟ್ಟವರು ಕೊಡುಗೆಯ ಮೇಲೆ ತಮ್ಮ ಹೆಸರು ಹಾಕಿಸಿದರೆ ದಾನ ಕೆಡುತ್ತದೆಯೇ? ದೇವಸ್ಥಾನದ ಗಂಟೆ, ಬೆಂಚುಗಳ ಮೇಲೆ ಹೆಸರು ಕಂಡು ಬೇಸರಪಡುವವರು ಕೆಡುತ್ತದೆ ಎನ್ನುತ್ತಾರೆ. ಜರ್ಮನಿಯ ಆಗ್ಸ್‌ಬುರ್ಗ್‌ನಲ್ಲಿ ಉಳಿದಿರುವ 9ನೇ ಶತಮಾನದ ರೇಷ್ಮೆ ನಡುಪಟ್ಟಿಯನ್ನು ನೋಡಿದರೆ ಅಷ್ಟು ಸುಲಭವಾಗಿ ಹಾಗೆನ್ನಲಾಗದು. ಲೂಡ್ವಿಗ್ ದೊರೆಯ ಮಡದಿ ಹೆಮ್ಮಾ ಇದನ್ನು ಬಿಷಪ್ ವಿಟ್ಗಾರನಿಗೆ ಕೊಟ್ಟಳೆಂದು ಪಟ್ಟಿಯಲ್ಲಿ ಚಿನ್ನದೆಳೆಯಿಂದ ನೇಯ್ದ ಲ್ಯಾಟಿನ್ ಪದ್ಯವೇ ಹೇಳುತ್ತದೆ. ಈ ಬಗೆಯ ನೇಯ್ಗೆಗೆ ದೊಡ್ಡ ಮಗ್ಗ ಬೇಡ. ಚಿಕ್ಕ ಚೌಕ ಬಿಲ್ಲೆಗಳು ಸಾಕು; ಸಾಮಾನ್ಯವಾಗಿ ಒಂದೊಂದು ಬಿಲ್ಲೆಗೂ ನಾಲ್ಕು ತೂತು, ತೂತಿಗೊಂದು ಹಾಸಿನ ಎಳೆ. ಬಿಲ್ಲೆಗಳನ್ನು ಕಾಲು ಸುತ್ತು ತಿರುಗಿಸಿದರೆ ಎಳೆಗಳ ನಡುವೆ ಸಂದು ಬಿಡುತ್ತದೆ; ಅದರಲ್ಲಿ ಹೊಕ್ಕಿನ ನೂಲು ತೂರಿಸಿ, ಒತ್ತಿ, ಮತ್ತೆ ತಿರುಗಿಸಬೇಕು. ಅಕ್ಷರ ಮೂಡಬೇಕಾದರೆ ಸಾಲು ಸಾಲಿಗೂ ಎಳೆ ಎಣಿಸಿ ಚಿನ್ನವನ್ನು ಸೇರಿಸಬೇಕು. ಹೀಗೆ ಬಂದ ಹೆಸರು ಆಮೇಲೆ ಬಳಿದ ಬಣ್ಣವಲ್ಲ, ಬಟ್ಟೆಯ ಮೈಯೇ.

ಗುಪ್ತದಾನವೇ ಮೇಲು ಎಂಬ ಆಕ್ಷೇಪ ಬಲವಾದದ್ದು. ಆದರೆ ಗುಪ್ತದಾನ ಮುಖ್ಯವಾಗಿ ಕಾಯುವುದು ಇಲ್ಲದವರ ಮಾನವನ್ನು. ಕೈಚಾಚಿದವರು ಯಾರ ಹಂಗಿಗೂ ಬೀಳಬಾರದು. ಬಿಷಪ್ಪನಿಗೆ ಪಟ್ಟಿಯಿಲ್ಲದೆ ಏನೂ ನಿಲ್ಲುತ್ತಿರಲಿಲ್ಲ. ಮೇಲಾಗಿ ಬೆಂಚಿನ ಮೇಲಿರುವುದು ಕೊಟ್ಟವರ ಹೆಸರೊಂದೇ, ಇಲ್ಲಿ ಪಡೆದವನ ಹೆಸರೂ ಇದೆ. ಎರಡು ಹೆಸರು ಒಂದೇ ಪದ್ಯದಲ್ಲಿ ಕೂಡಿದಾಗ ಅದು ಪ್ರಚಾರವಲ್ಲ, ನಂಟು: ಪೂಜೆಗೆ ನಡು ಕಟ್ಟಿಕೊಳ್ಳುವಾಗ ನನ್ನನ್ನೂ ನೆನೆ ಎಂಬ ಕೋರಿಕೆ. ಪದ್ಯ ಆಕೆಯನ್ನು ಪರಮಪವಿತ್ರಳೆಂದು ಹೊಗಳುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಹೆಸರು ಸಾಕಿತ್ತು.

ರಾಣಿ ತಾನೇ ನೇಯ್ದಳೇ ಎಂಬುದು ಇದಕ್ಕಿಂತ ಕಠಿಣವಾದ ಪ್ರಶ್ನೆ. ಕೊಟ್ಟಳು ಎಂದಷ್ಟೇ ಪದ್ಯ ಹೇಳುತ್ತದೆ. ನಾರ್ವೆಯ ಓಸೆಬರ್ಗ್‌ನಲ್ಲಿ 834ರಲ್ಲಿ ಇಬ್ಬರು ಹೆಂಗಸರ ಶವಗಳೊಂದಿಗೆ ಹೂಳಿದ ಹಡಗಿನಲ್ಲಿ 52 ಬಿಲ್ಲೆಗಳು ಎಳೆ ಪೋಣಿಸಿದಂತೆಯೇ ಸಿಕ್ಕವು. ಆ ನೇಯ್ಗೆ ಯಾರ ಕೈಯದೆಂದು ಹೇಳುವ ಒಂದಕ್ಷರವೂ ಅಲ್ಲಿಲ್ಲ. ಹೆಮ್ಮಾಳ ಪಟ್ಟಿಯನ್ನು ಬೇರೊಬ್ಬಳು ನೇಯ್ದಿದ್ದರೆ ಕೊಟ್ಟವರು ಇಬ್ಬರು, ಹೆಸರು ಒಬ್ಬಳದು. ದಾನದಲ್ಲಿ ದೋಷವಿದ್ದರೆ ಅದು ಇದೇ. ನೇಯುವವರ ಹೆಸರು ಬರೆಯುವ ರೂಢಿ ಆಗ ಇರಲಿಲ್ಲ ಎನ್ನಬಹುದು. ರೂಢಿಯಿಂದ ತಪ್ಪು ಸರಿಯಾಗುವುದಿಲ್ಲ. ಬೇಲೂರಿನ ಗುಡಿ ಕಟ್ಟಿಸಿದವನು ವಿಷ್ಣುವರ್ಧನ. ಅಲ್ಲಿನ ಕೆಲವು ಮದನಿಕೆಯರನ್ನು ಕಡೆದ ಬಳ್ಳಿಗಾವೆಯ ದಾಸೋಜನ ಹೆಸರೂ ಕಲ್ಲಿನಲ್ಲಿದೆ. ಅದರಿಂದ ದೊರೆಯ ಕೀರ್ತಿಗೆ ಕುಂದು ಬರಲಿಲ್ಲ. ಆ ಹಳೆಯ ಪಟ್ಟಿಗಳ ಮಾದರಿಯಲ್ಲಿ ನೀವೇ ನೇಯ್ದು ಸ್ನೇಹಿತರಿಗೆ ಕೊಡುವುದಾದರೆ ಸಂಕೋಚವಿಲ್ಲದೆ ಹೆಸರು ಹಾಕಿ. ಬೇರೆಯವರಿಂದ ನೇಯಿಸಿದ್ದಾದರೆ ಮೊದಲು ಅವರ ಹೆಸರು ಹಾಕಿಸಿ.