ಸಾಕೆಂಬ ನುಡಿ

ಪತಂಜಲಿ ಮಹರ್ಷಿಗಳು ಯೋಗಸೂತ್ರದಲ್ಲಿ ಐದು ನಿಯಮಗಳನ್ನು ಎಣಿಸಿದ್ದಾರೆ: ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ. ಇಲ್ಲಿಯ ಸಂತೋಷವೆಂದರೆ ಲೋಕರೂಢಿಯ ಹರ್ಷವಲ್ಲ, ದೊರೆತುದರಲ್ಲಿ ತೃಪ್ತಿ. ಅದರ ಬೆನ್ನಿಗೇ ತಪಸ್ಸು ಬಂದಿರುವುದು ಗಮನಾರ್ಹವಾದುದು. ತೃಪ್ತನಾದವನು ಕೈಕಟ್ಟಿ ಕುಳ್ಳಿರಬೇಕೆಂಬುದು ಶಾಸ್ತ್ರದ ಆಶಯವಾಗಿದ್ದರೆ, ಸಂತೋಷದ ಮುಂದೆ ತಪಸ್ಸಿಗೆ ಎಡೆಯೇ ಇರುತ್ತಿರಲಿಲ್ಲ.

ಆದರೆ ಸೂತ್ರವನ್ನು ಪಠಿಸಿದಷ್ಟು ಸುಲಭವಲ್ಲ, ಅದನ್ನು ಬಡತನದ ಮನೆಯಲ್ಲಿ ಬಾಳುವುದು. ಮಳೆ ತಪ್ಪಿ ಬಿತ್ತಿದ ಬೀಜ ಮಣ್ಣುಪಾಲಾದಾಗ, ದುಡಿದ ಕೂಲಿ ವಾರದ ಸಂತೆಗೇ ಸಾಲದಾದಾಗ, ಮನೆಯೊಡತಿ ಹಿಟ್ಟಿನ ಮಡಕೆಯ ತಳವನ್ನು ನೋಡಿ ಮಕ್ಕಳ ಮುಖವನ್ನು ನೋಡುವಾಗ, ಸಂತೃಪ್ತಿಯೆಂಬ ಮಾತು ಅಣಕದಂತೆ ಕೇಳಿಸುತ್ತದೆ. ಹೊಟ್ಟೆ ತುಂಬಿದವರು ಹಸಿದವರಿಗೆ ಹೇಳುವ ಸಮಾಧಾನವೇ ಇದು ಎಂಬ ಸಂಶಯ ನ್ಯಾಯವಾದುದೇ ಆಗಿದೆ. ಆ ಸಂಶಯಕ್ಕೆ ಉತ್ತರ ಹುಡುಕದೆ ಈ ಗುಣವನ್ನು ಕೊಂಡಾಡುವುದು ಸಲ್ಲದು.

ಉತ್ತರವು ಶರಣರ ಚರಿತ್ರೆಯಲ್ಲಿ ದೊರೆಯುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಬಾಳಿದರು. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯಿಂದ ಬಂದವರು ಅವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಅವರ ಹೆಸರಿಗೆ ಸೇರಿದ ವಿಶೇಷಣವೂ ಆ ಕಾಯಕದಿಂದಲೇ ಬಂದುದು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಬಡವರ ಮನೆಗೆ ಒಂದು ಹಿಡಿ ಹೆಚ್ಚಾಗಿ ಬಂದರೆ ಹಿಗ್ಗುವುದು ಸಹಜ. ಲಕ್ಕಮ್ಮ ಹಿಗ್ಗಲಿಲ್ಲ. ಎಂದಿನ ಅಳತೆಯನ್ನು ಮೀರಿದ ಈ ಧಾನ್ಯ ಕಾಯಕದ ಫಲವಲ್ಲ, ಆಸೆಯ ಫಲ. ಇದನ್ನು ತಂದ ಎಡೆಯಲ್ಲಿಯೇ ಸುರಿದು ಬರಬೇಕು ಎಂಬುದು ಆಕೆಯ ನುಡಿಯ ತಾತ್ಪರ್ಯ. ಮಾರಯ್ಯನು ಅಂತೆಯೇ ಮಾಡಿದನು. ಉಳಿದ ಅಳತೆಯ ಅಕ್ಕಿಯಿಂದಲೇ ಲಕ್ಕಮ್ಮ ಬಸವಣ್ಣನವರನ್ನೂ ಅಸಂಖ್ಯಾತ ಜಂಗಮರನ್ನೂ ತೃಪ್ತಿಪಡಿಸಿದಳೆಂದು ಸಂಪ್ರದಾಯ ಹೇಳುತ್ತದೆ.

ಈ ಪ್ರಸಂಗವನ್ನು ಕೇಳದ ಶರಣಬಂಧುಗಳು ವಿರಳ. ಆದರೆ ಇದರ ಒಂದು ಮರ್ಮ ಸಾಮಾನ್ಯವಾಗಿ ದೃಷ್ಟಿಗೆ ಬೀಳುವುದಿಲ್ಲ. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸುತನವನ್ನು ಬಿಟ್ಟುಬಂದು ಕಲ್ಯಾಣದಲ್ಲಿ ಕಟ್ಟಿಗೆಯನ್ನು ಹೊತ್ತು ಮಾರಿದನೆಂದು ಪ್ರಸಿದ್ಧಿ. ಅದು ಇದ್ದುದನ್ನು ಬಿಟ್ಟ ವೈರಾಗ್ಯ. ಲಕ್ಕಮ್ಮನಿಗೆ ಬಿಡಲು ರಾಜ್ಯವಿರಲಿಲ್ಲ. ನಾಳೆಗೆಂದು ಕೂಡಿಟ್ಟ ಕಣಜವೂ ಇರಲಿಲ್ಲ. ಏನೂ ಇಲ್ಲದವಳು ಕೈಗೆ ಬಂದುದನ್ನು ಅಳೆದು ತೆಗೆದುಕೊಂಡಳು. ಅರಸನ ತ್ಯಾಗವನ್ನು ಲೋಕ ಕಂಡು ಬೆರಗಾಗುತ್ತದೆ. ಬಡವಳ ಅಳತೆ ಒಲೆಯ ಮುಂದೆಯೇ ನಡೆದು ಹೋಗುತ್ತದೆ. ಸಂತೃಪ್ತಿಯು ಸಿರಿವಂತರ ಉಪದೇಶವೆಂಬ ಆಕ್ಷೇಪಣೆಗೆ ಲಕ್ಕಮ್ಮನ ಅಡುಗೆಮನೆಯೇ ಮೊದಲ ಉತ್ತರ.

ಎರಡನೆಯ ಉತ್ತರ ಆಕೆಯ ಕಾಯಕನಿಷ್ಠೆಯಲ್ಲಿದೆ. ಮಾರಯ್ಯನು ಅನುಭಾವದ ಮಾತುಕತೆಯಲ್ಲಿ ಮೈಮರೆತಾಗ, ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದವಳೂ ಆಕೆಯೇ. ಹೆಚ್ಚಿನ ಅಕ್ಕಿ ಬೇಡವೆಂದ ನಾಲಗೆಯೇ ದುಡಿಮೆಗೆ ಏಳೆಂದಿತು. ಎಂದಮೇಲೆ ಸಂತೃಪ್ತಿಯು ದುಡಿಮೆಗೆ ಹಾಕಿದ ಮಿತಿಯಲ್ಲ; ಪಡೆಯುವ ಕೈಗೆ ಹಾಕಿದ ಮಿತಿ. ಬರಬೇಕಾದ ಕೂಲಿಯನ್ನು ಕೇಳದೆ ಸುಮ್ಮನಿರುವುದು, ಅನ್ಯಾಯದ ಬಡ್ಡಿಗೆ ತಲೆಬಾಗುವುದು, ಎಲ್ಲವೂ ಹಣೆಯ ಬರಹವೆಂದು ಮಲಗುವುದು, ಇವು ಸಂತೃಪ್ತಿಯ ವೇಷ ತೊಟ್ಟ ಆಲಸ್ಯ ಅಥವಾ ಅಂಜಿಕೆಗಳು. ಕಾಯಕದ ನ್ಯಾಯವಾದ ಫಲವನ್ನು ಕೇಳುವುದು ಆಸೆಯಲ್ಲ. ಅದು ಕಾಯಕಕ್ಕೆ ಸಲ್ಲಿಸುವ ಗೌರವ.

ಮೂರನೆಯ ಉತ್ತರವೇ ಎಲ್ಲಕ್ಕಿಂತ ಮುಖ್ಯವಾದುದು. ಲಕ್ಕಮ್ಮ ‘ಸಾಕು’ ಎಂದುದು ತನ್ನ ಮನೆಯ ಮಡಕೆಯನ್ನು ಕುರಿತು. ನೆರೆಮನೆಯ ಮಡಕೆಯನ್ನು ಕುರಿತಲ್ಲ. ಬಂದ ಜಂಗಮರಿಗೆ ‘ನಿಮಗಿಷ್ಟು ಸಾಕು’ ಎಂದು ಆಕೆ ಹೇಳಲಿಲ್ಲ. ಅವರು ತಾವಾಗಿಯೇ ಸಾಕೆನ್ನುವವರೆಗೆ ಬಡಿಸಿದಳು. ತನ್ನ ಎಲೆಯ ಮುಂದೆ ಆಡಿದರೆ ಸಾಕೆಂಬುದು ಶೀಲ. ಪರರ ಎಲೆಯ ಮುಂದೆ ಆಡಿದರೆ ಅದೇ ಮಾತು ಕ್ರೌರ್ಯ. ಸಂತೃಪ್ತಿಯನ್ನು ಮನುಷ್ಯನು ತನಗೆ ತಾನೇ ಬೋಧಿಸಿಕೊಳ್ಳಬಹುದೇ ಹೊರತು ಹಸಿದವನಿಗೆ ಬೋಧಿಸಲಾಗದು. ಹಸಿದವನಿಗೆ ಸಲ್ಲಬೇಕಾದುದು ದಾಸೋಹ.

ಕನ್ನಡ ನುಡಿಯಲ್ಲಿಯೇ ಇದಕ್ಕೊಂದು ಸೂಚನೆಯಿದೆ. ‘ಸಾಕು’ ಎಂದರೆ ಇಷ್ಟರಿಂದ ತೃಪ್ತಿ ಎಂದರ್ಥ. ‘ಸಾಕು’ ಎಂದರೆ ಪೋಷಿಸು, ಸಲಹು ಎಂದೂ ಅರ್ಥ. ಶಬ್ದದ ಮೂಲವನ್ನು ಕುರಿತ ವಿಚಾರ ಹಾಗಿರಲಿ; ಬಾಳಿನಲ್ಲಿ ಇವೆರಡಕ್ಕೂ ನಂಟಿದೆ. ತನಗೆ ಸಾಕೆಂದವನೇ ಮತ್ತೊಬ್ಬರನ್ನು ಸಾಕಬಲ್ಲನು. ಎಷ್ಟಿದ್ದರೂ ಸಾಲದೆನ್ನುವವನು ತನ್ನನ್ನೇ ಸಾಕಿಕೊಳ್ಳಲಾರನು. ಅವನ ‘ಸಾಲದು’ ಒಂದು ದಿನ ಸಾಲವಾಗಿ ಬಾಗಿಲಿಗೆ ಬಂದು ನಿಲ್ಲುತ್ತದೆ.

ಇದು ಪುರಾತನರ ಕಾಲದ ಮಾತಷ್ಟೇ ಅಲ್ಲ. ತುಮಕೂರಿನ ಸಿದ್ಧಗಂಗಾ ಮಠದ ಹೊಣೆಯನ್ನು ಶ್ರೀ ಶಿವಕುಮಾರ ಸ್ವಾಮಿಗಳು 1941ರಲ್ಲಿ ವಹಿಸಿಕೊಂಡರು. 2019ರಲ್ಲಿ ಲಿಂಗೈಕ್ಯರಾಗುವವರೆಗೆ ಅವರ ಆಶ್ರಯದಲ್ಲಿ ಎಲ್ಲ ಜಾತಿಮತಗಳ ಸಾವಿರಾರು ಮಕ್ಕಳು ಅನ್ನವನ್ನೂ ಅಕ್ಷರವನ್ನೂ ಪಡೆದರು. ಆ ದಾಸೋಹ ಇಂದಿಗೂ ನಡೆದಿದೆ. ಅದರ ಕಣಜಕ್ಕೆ ಹಳ್ಳಿಯ ಒಕ್ಕಲು ಮಕ್ಕಳು ತಮ್ಮ ರಾಗಿಯನ್ನು ಅಳೆದು ಕೊಟ್ಟಿದ್ದಾರೆ. ತಮಗೇ ಮಿಕ್ಕಿ ಉಳಿಯಿತೆಂದು ಕೊಟ್ಟವರು ಅವರೆಲ್ಲರೂ ಅಲ್ಲ. ತಮ್ಮ ಪಾಲಿಗೆ ಇಷ್ಟು ಸಾಕೆಂದು ಗೆರೆ ಎಳೆದುಕೊಂಡುದರಿಂದ ಕೊಡಲು ಒಂದು ಬೊಗಸೆ ಉಳಿಯಿತು.

ಕಷ್ಟದಲ್ಲಿರುವ ಗೃಹಸ್ಥನಿಗೆ ಇದರಿಂದ ದೊರೆಯುವ ದಾರಿ ಯಾವುದು? ಅನ್ನಕ್ಕಾಗಿ, ಔಷಧಕ್ಕಾಗಿ, ಬಿತ್ತನೆಯ ಬೀಜಕ್ಕಾಗಿ ನೆರವು ಕೇಳಬೇಕಾಗಿ ಬಂದರೆ ಅವನು ನಾಚಬೇಕಾದುದಿಲ್ಲ. ಆ ಕೊರತೆ ಆಸೆಯಿಂದ ಬಂದುದಲ್ಲ. ನಾಚಬೇಕಾದುದು ನೆರೆಯವರ ಕಣ್ಣಿಗಾಗಿ ಮಾಡುವ ಸಾಲಕ್ಕೆ. ಮದುವೆಯ ಚಪ್ಪರ ಮೂರು ದಿನದಲ್ಲಿ ಇಳಿಯುತ್ತದೆ. ಅದಕ್ಕಾಗಿ ಒತ್ತೆಯಿಟ್ಟ ಹೊಲ ಮಕ್ಕಳ ಕಾಲಕ್ಕೂ ಮರಳದಿರಬಹುದು. ಪ್ರತಿಯೊಂದು ವೆಚ್ಚದ ಮುಂದೆ ನಿಂತು, ಇದು ಹಸಿವು ಕೇಳಿದುದೋ ಹೋಲಿಕೆ ಕೇಳಿದುದೋ ಎಂದು ವಿಚಾರಿಸಿದರೆ ಅರ್ಧ ಭಾರ ಇಳಿಯುತ್ತದೆ. ಉಳಿದರ್ಧವನ್ನು ಇಳಿಸುವುದು ಅವನೊಬ್ಬನಿಂದ ಸಾಧ್ಯವಲ್ಲ. ಅದಕ್ಕೆ ನೆರೆಯವರ ಕೈ ಬೇಕು.

ಆದುದರಿಂದ ಇರುವವರು ಬಡವರಿಗೆ ತೃಪ್ತಿಯನ್ನು ಬೋಧಿಸುವುದನ್ನು ಬಿಟ್ಟು ತಮ್ಮ ಮಡಕೆಯ ಅಳತೆಯನ್ನು ನೋಡಿಕೊಳ್ಳಲಿ. ಇಲ್ಲದವರು ದುಡಿಮೆಯನ್ನು ಬಿಡದೆ, ನ್ಯಾಯವಾದುದನ್ನು ಕೇಳಲು ಅಂಜದೆ, ಹೋಲಿಕೆಯ ಬೆನ್ನು ಹತ್ತದೆ ಬಾಳಲಿ. ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿಸಿದ ಲಕ್ಕಮ್ಮನ ಮನೆಯಿಂದ ಯಾರೂ ಹಸಿದು ಹೋಗಲಿಲ್ಲ. ಅಂತಹ ಮನೆಗಳು ಊರಿಗೆ ನಾಲ್ಕಾದರೂ ಇದ್ದರೆ, ಕಲ್ಯಾಣವನ್ನು ಬೇರೆಲ್ಲಿಯೂ ಅರಸಬೇಕಾಗಿಲ್ಲ.